ಒಳಗೆ ಯಾರೂ ಇಲ್ಲ ಅಂತ ಬರೆದಿದ್ದೀಯಲ್ಲ

ಶಿಡ್ಲಘಟ್ಟ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿ, ಊರ ಸುದ್ದಿ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದು ಬಿಡು. ನಿನ್ನ ಕಾಗದದಲ್ಲಿ ಒಂದು ಸಾಲಿದೆ. 'ದಿನಾ ರಾತ್ರಿ ಕೂತು ನನ್ನನ್ನ ನಾನು ನೋಡಿಕೊಳ್ತೀನಿ ದೊಡ್ಡಮ್ಮ, ಒಳಗೆ ಯಾರೂ ಇಲ್ಲ ಅನ್ನಿಸುತ್ತೆ.' ಅಷ್ಟು ಬರೆದು, ಏನೂ ಆಗಿಲ್ಲ ಅನ್ನುವ ಹಾಗೆ ಮೆಸ್ಸಿನ ಸಾರು, ವಿಜಯನಗರದ ರೂಮಿನ ಬಾಡಿಗೆ, ಮುಂದಕ್ಕೆ ಹೋದ ಪರೀಕ್ಷೆ ಅಂತ ಬರೆದುಕೊಂಡು ಹೋಗಿದ್ದೀಯ. ನನಗೆ ಮಾತ್ರ ಆ ಸಾಲು ದಾಟಲು ಆಗಲಿಲ್ಲ. ರಾತ್ರಿಯೆಲ್ಲ ಮಗ್ಗಲು ಬದಲಾಯಿಸಿದೆ. ಬೆಳಿಗ್ಗೆ ಎದ್ದು ಮತ್ತೆ ಓದಿದೆ. ಹಾಗೇ ಇತ್ತು.

ನಿನ್ನ ನೋಟ್‌ಬುಕ್ಕಿನ ಹಾಳೆಯ ಫೋಟೊ ಕಳಿಸಿದ್ದೆಯಲ್ಲ, ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದೆ. ಎಷ್ಟು ಗಂಟೆ ಓದಿದೆ, ಎಷ್ಟು ಹೊತ್ತು ಮೊಬೈಲ್ ಹಿಡಿದೆ, ಇವತ್ತಿನ ತಪ್ಪು, ಕೊನೆಗೆ ಹತ್ತಕ್ಕೆ ಎಷ್ಟು. ಮೂರು, ನಾಲ್ಕು, ಮತ್ತೆ ಮೂರು. ನಿನಗೆ ನೀನೇ ಹಾಕಿಕೊಂಡ ಮಾರ್ಕ್ಸು! ಯಾರೇ ಕಲಿಸಿದ್ದು ಇದನ್ನ? ಆತ್ಮಾವಲೋಕನ ಅಂತ ಹೆಸರು ಬೇರೆ. ದಿನಾ ರಾತ್ರಿ ಇನ್ಸ್‌ಪೆಕ್ಷನ್‌ಗೆ ಬಂದರೆ ಒಳಗಿರುವವರು ಎದುರಿಗೆ ಬರುತ್ತಾರಾ ಹೇಳು.

ನಿಮ್ಮ ದೊಡ್ಡಪ್ಪನ ರೇಷ್ಮೆ ಬೆಳೆಯ ಲೆಕ್ಕದ ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ. ಎಷ್ಟು ಮೊಟ್ಟೆ ತಂದೆವು, ಯಾವತ್ತು ಯಾವ ಜ್ವರ (ಹುಳ ಪೊರೆ ಬಿಡಲು ಕೂರುವುದಕ್ಕೆ ಜ್ವರ ಅನ್ನುತ್ತೀವಲ್ಲ), ಎಷ್ಟು ಹೊರೆ ಹಿಪ್ಪುನೇರಳೆ ಸೊಪ್ಪು, ಗೂಡು ಎಷ್ಟು ಕೆ.ಜಿ., ಮಾರುಕಟ್ಟೆಯಲ್ಲಿ ಏನು ರೇಟು. ನಿನ್ನ ಅಕ್ಕ ಹುಟ್ಟಿದ ತಿಂಗಳಲ್ಲೂ ಅಷ್ಟೇ, ರೇಟು. ಅವರು ಹೋದ ಮೇಲೆ ಸುಮ್ನೆ ತಿರುವುತ್ತಾ ಕೂತಿದ್ದಾಗ ಒಂದು ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು ಕಾಣಿಸಿತು: 'ಮಳೆ. ಸೊಪ್ಪು ಒದ್ದೆ. ಬೇಜಾರು.' ಮಳೆ ಸರಿ. ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ, ಅದೂ ಸರಿ. ಬೇಜಾರು ಯಾಕೆ ಬರೆದರು? ಸೊಪ್ಪಿಗಾ, ಇನ್ನೇನಕ್ಕಾ? ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಕೇಳಲಿಲ್ಲ. ಕೇಳಿದ್ದರೆ 'ಏನಿಲ್ಲ ಹೋಗೇ' ಅನ್ನುತ್ತಿದ್ದರು, ಅದೂ ಗೊತ್ತು. ಆದರೂ ಕೇಳಬೇಕಿತ್ತು ಅನ್ನಿಸುತ್ತೆ. ಇರಲಿ. ಎಲ್ಲಿಂದಲೋ ಎಲ್ಲಿಗೋ ಹೋದೆ.

ಒಳಗೆ ಯಾರೂ ಇಲ್ಲ ಅಂದೆಯಲ್ಲ, ಆ ಭಯ ನನಗೆ ಹೊಸದಲ್ಲ ಕಣೇ. ಬೆಳೆ ಮುಗಿದು, ಗೂಡು ಮಾರಿ, ಹುಳ ಗೂಡು ಕಟ್ಟುವ ಚಂದ್ರಿಕೆ ತೊಳೆದು ಬಿಸಿಲಿಗಿಟ್ಟು, ಹುಳದ ಮನೆಗೆ ಬ್ಲೀಚಿಂಗ್ ನೀರು ಹೊಡೆದು ಬಾಗಿಲು ಹಾಕಿದರೆ, ಮುಂದಿನ ಚಾಕಿ ಹುಳ, ಅಂದರೆ ಮರಿ ಹುಳ, ಬರುವವರೆಗೆ ಹೆಚ್ಚು ಕೆಲಸವಿಲ್ಲ. ಎಲ್ಲರೂ ಆ ದಿನಗಳಿಗೆ ಕಾಯುತ್ತಿದ್ದರು. ನನಗೆ ಮಾತ್ರ ಆಗುತ್ತಿರಲಿಲ್ಲ. ಸೊಪ್ಪು ಕೊಯ್ಯುವ ಹೊತ್ತಿಗೆ ಕೈ ಖಾಲಿ ಇದ್ದರೆ ಎದೆ ಢವಢವ ಅನ್ನುತ್ತಿತ್ತು. ಸೊಪ್ಪು ಕೊಯ್ಯುವವಳು ಇದ್ದಾಳೆ, ತಟ್ಟೆ ಬದಲಾಯಿಸುವವಳು ಇದ್ದಾಳೆ, ಅವಳನ್ನ ತೆಗೆದರೆ ಮಿಕ್ಕಿದ್ದು ಯಾರು? ಅದಕ್ಕೆ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಅದೂ ಆಗದಿದ್ದರೆ ಪಕ್ಕದ ಮನೆಯವರ ಜೊತೆ ಜಗಳ. ನಿನ್ನ ಹಾಗೆ ಅದನ್ನ ಒಂದು ಸಾಲಿನಲ್ಲಿ ಬರೆಯುವ ಧೈರ್ಯ ನನಗಿರಲಿಲ್ಲ.

ಮಂಡಿ ಹಿಡಿದುಕೊಂಡು ಕೂತಲ್ಲೇ ಕೂರುವ ಹಾಗಾದ ಮೇಲೆ ಓಡಲು ಎಲ್ಲಿಗೆ ಜಾಗ? ಆಗ ಒಂದೊಂದೇ ಬಂದವು. ದೊಡ್ಡದೇನಲ್ಲ. ಟೀಚರ್ ಆಗಲು ಟಿ.ಸಿ.ಎಚ್. ಓದಲು ಕಳಿಸಲಿಲ್ಲ ಅನ್ನುವ ಸಿಟ್ಟು ಹಾಗೇ ಕೂತಿತ್ತು, ನಾನು ಮರೆತಿದ್ದೀನಿ ಅಂದುಕೊಂಡಿದ್ದೆ. ಆಮೇಲೆ ಇನ್ನೊಂದು. ನಾಲ್ಕನೇ ಜ್ವರ ಎದ್ದ ಹುಳ ರಾತ್ರಿ ಹೊತ್ತು ಸೊಪ್ಪು ತಿನ್ನುವ ಚರಚರ ಸದ್ದು ಕೇಳುತ್ತಾ ಮಲಗುವುದು ನನಗೆ ಬಹಳ ಇಷ್ಟ. ಅಷ್ಟು ವರ್ಷ ಕೇಳಿದ್ದೇ ಕೇಳಿದ್ದು, ಇಷ್ಟ ಅಂತ ಗೊತ್ತೇ ಇರಲಿಲ್ಲ ನೋಡು. ಇಂಥ ಚಿಲ್ಲರೆ ವಿಷಯಗಳೇ. ಮೊದಲೇ ಗೊತ್ತಾಗಿದ್ದರೆ ಜಗಳವಾದರೂ ಕಡಿಮೆಯಾಗುತ್ತಿತ್ತು.

ಹುಳ ಜ್ವರಕ್ಕೆ ಕೂತಾಗ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ, ಸತ್ತೇ ಹೋಗಿದೆಯೇನೋ ಅನ್ನಿಸುತ್ತೆ. ನೀನೂ ಹಾಗೇ ಜ್ವರಕ್ಕೆ ಕೂತಿದ್ದೀಯ ಅಂತ ಬರೆಯೋಣ ಅಂದುಕೊಂಡೆ. ಚೆನ್ನಾಗಿಯೂ ಇತ್ತು. ಆದರೆ ಹುಳ 25 ದಿನದ ಆಚೀಚೆ ಗೂಡು ಕಟ್ಟಿಯೇ ತೀರುತ್ತದೆ, ನಿನಗೆ ಹಾಗೆ ತಾರೀಖು ಹೇಳಲು ನಾನ್ಯಾರು? ಅದಕ್ಕೆ ಬಿಟ್ಟೆ. ಜ್ವರಕ್ಕೆ ಕೂತಿರುವಾಗ ಮೇಲೆ ಸೊಪ್ಪು ಸುರಿಯಬಾರದು ಅನ್ನುವುದೊಂದು ಮಾತ್ರ ಇಟ್ಟುಕೋ.

ನೀನು ಇತಿಹಾಸ ಓದುವವಳು, ನಿನಗೆ ಗೊತ್ತಿರುತ್ತೆ. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ವಿಶ್ರಾಂತಿಗೆ ಬಂದದ್ದು ನಮ್ಮ ನಂದಿ ಬೆಟ್ಟಕ್ಕೆ. ಅವರು 1925ರಿಂದ ವಾರ ವಾರ ತಮ್ಮ ಬದುಕಿನ ಕಥೆ ಬರೆದು ಅಚ್ಚು ಹಾಕಿಸುತ್ತಿದ್ದ ಕಾಲ ಅದು. ತಮ್ಮನ್ನ ತಾವು ಅಷ್ಟು ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತಿದ್ದವರಿಗೂ ಬೆಟ್ಟದ ಮೇಲೆ ಸುಮ್ಮನೆ ಇರಬೇಕಾಗಿ ಬಂತು. ನಿನಗೆ ಬರಬಾರದಾ?

ಏನು ಮಾಡಬೇಕು ಅಂತ ಕೇಳಿದ್ದೀಯ. ನಾನು ಹತ್ತನೇ ಕ್ಲಾಸಿನವಳು, ತಿಳಿದಷ್ಟು ಹೇಳುತ್ತೀನಿ. ಹತ್ತಕ್ಕೆ ಮೂರು ಹಾಕುವುದು ನಿಲ್ಲಿಸು. ಮಲಗುವ ಹೊತ್ತಿಗೆ ನೋಟ್‌ಬುಕ್ ತೆಗೆಯಬೇಡ, ರಾತ್ರಿ ಎಲ್ಲವೂ ಜಾಸ್ತಿ ಕಪ್ಪಗೆ ಕಾಣುತ್ತದೆ. ಬೆಳಿಗ್ಗೆ ಟೀ ಕುಡಿಯುವಾಗ ಒಂದು ಸಾಲು ಬರಿ ಸಾಕು. ನಿನ್ನೆ ಯಾವುದಕ್ಕೆ ಸಿಟ್ಟು ಬಂತು, ಎಲ್ಲಿ ಹಿತ ಅನ್ನಿಸಿತು, ಅಷ್ಟೇ. 'ನಾನ್ಯಾಕೆ ಹೀಗೆ' ಅಂತ ಶುರು ಮಾಡಿದರೆ ಅದು ಮುಗಿಯುವುದೇ ಇಲ್ಲ, ಅದನ್ನ ಬರೆಯಬೇಡ. ಇದು ನಿನಗೆ ಹೊಂದದಿದ್ದರೆ ಬಿಟ್ಟುಬಿಡು, ದೊಡ್ಡಮ್ಮ ಹೇಳಿದಳು ಅಂತ ಮಾಡಬೇಡ.

ಇನ್ನೊಂದು, ತಪ್ಪು ತಿಳಿಯಬೇಡ. ನಿದ್ದೆ, ಊಟ ಸೇರದೆ ಇದ್ದರೆ, ಬದುಕುವುದೇ ಬೇಡ ಅನ್ನುವ ಮಟ್ಟಕ್ಕೆ ಹೋದರೆ, ನನ್ನ ಕಾಗದ ಕಾಯಬೇಡ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯಾದರೂ ಎತ್ತುತ್ತಾರೆ. ಇಲ್ಲಾ ನನಗೆ ಮಾಡು. ಹೇಗೂ ನಿದ್ದೆ ಬರುವುದಿಲ್ಲ ನನಗೆ.

ಮತ್ತೆ ಅಲ್ಲಿಗೇ ಬರುತ್ತೀನಿ, ಬೈಯಬೇಡ. ಆ ಹಾಳೆಯಲ್ಲಿ 'ಇವತ್ತಿನ ತಪ್ಪು' ಅನ್ನುವ ಜಾಗದಲ್ಲಿ ಒಂದು ಕಡೆ ಹೀಗೆ ಬರೆದಿದ್ದೀಯ: 'ಪಕ್ಕದ ರೂಮಿನವಳು ಅಳುತ್ತಿದ್ದಳು, ಟೆರೇಸಿನಲ್ಲಿ ಅವಳ ಜೊತೆ ಕೂತೆ, ಮಾಕ್ ಟೆಸ್ಟ್ ತಪ್ಪಿತು.' ಅವತ್ತಿನ ಅಂಕ ಎರಡು. ಟೆಸ್ಟ್ ಬಿಟ್ಟು ಅವಳ ಪಕ್ಕ ಕೂತವಳು ಯಾರೇ? ಅವಳನ್ನ ನೀನೇ ತಪ್ಪಿನ ಪಟ್ಟಿಗೆ ಹಾಕಿಬಿಟ್ಟು, ಆಮೇಲೆ ಒಳಗೆ ಯಾರೂ ಇಲ್ಲ ಅಂತ ಹುಡುಕುತ್ತಿದ್ದೀಯ. ಆ ಹುಡುಗಿ ಈಗ ಹೇಗಿದ್ದಾಳೆ? ಅದನ್ನ ನೀನು ಬರೆದೇ ಇಲ್ಲ.

ಬರುವ ತಿಂಗಳು ಗೂಡು ಬಿಡಿಸುವುದಿದೆ, ಆಳು ಸಿಗುತ್ತಿಲ್ಲ. ಬಿಡುವಾದರೆ ಬಾ. ಅವಳನ್ನೂ ಕರೆದುಕೊಂಡು ಬಾ, ಇಬ್ಬರಿಗೂ ಜಾಗ ಇದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತುಕೊಳ್ಳಿ, ನಿನಗೆ ವಾಂತಿ ಬರುತ್ತದೆ.

ಇಂತಿ,
ನಿನ್ನ ದೊಡ್ಡಮ್ಮ