ಮಗಳಿಗೊಂದು ಪತ್ರ: ಹೊಸೂರು ರಸ್ತೆಯ ಆ ರಾತ್ರಿ

ಪೀಣ್ಯ, ಬೆಂಗಳೂರು

ಪ್ರೀತಿಯ ಪುಟ್ಟಿ,

ಜರ್ಮನಿಯ ಗಡಿಯೂರು ಆಖನ್‌ನಿಂದ ಬಸ್ಸು ಹತ್ತಿ ನೆದರ್‌ಲ್ಯಾಂಡ್ಸ್‌ಗೆ ಹೋಗಿ ತರಕಾರಿ ತಂದೆ ಅಂತ ಬರೆದಿದ್ದೆಯಲ್ಲ, ನಿಮ್ಮಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು. ನನಗೆ ಮಾತ್ರ ಹೊಸೂರು ರಸ್ತೆ ನೆನಪಾಯಿತು.

ನೀನಾಗ ಇನ್ನೂ ಚಿಕ್ಕವಳು. ನಮ್ಮ ಲೇತ್‌ನಲ್ಲಿ ಮಾಡಿದ ಬುಷ್‌ಗಳನ್ನು ಹೊಸೂರಿಗೆ ಕಳಿಸುತ್ತಿದ್ದೆ. ಬೆಂಗಳೂರಿನಿಂದ 40 ಕಿಲೋಮೀಟರ್ ಚಿಲ್ಲರೆ, ಅಷ್ಟೇ. ಆದರೆ ನಡುವೆ ರಾಜ್ಯದ ಗಡಿ. ಒಂದು ದಿನ ಬಿಲ್ಲಿನಲ್ಲಿ 240 ಅಂತ ಬರೆದು ಚಲನ್‌ನಲ್ಲಿ 204 ಅಂತ ಬರೆದುಬಿಟ್ಟೆ. ಟೆಂಪೋ ರಾತ್ರಿಯಿಡೀ ಚೆಕ್‌ಪೋಸ್ಟಿನಲ್ಲಿ ನಿಂತಿತು. ಬೆಳಗಿನ ಜಾವ ಹೊಸ ಚಲನ್ ಜೇಬಿಗಿಟ್ಟುಕೊಂಡು ಬೈಕಿನಲ್ಲಿ ಹೋದೆ. ಡ್ರೈವರ್ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಮಲಗಿದ್ದ. ಮಾಲು ತಲುಪುವ ಹೊತ್ತಿಗೆ ಮುಂದಿನ ಆರ್ಡರ್ ಬೇರೆಯವರ ಪಾಲಾಗಿತ್ತು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಈಗ ಬೆಳಿಗ್ಗೆ ಆನ್‌ಲೈನ್‌ನಲ್ಲೇ ಇ-ವೇ ಬಿಲ್ ಅನ್ನೋ ಸಾಗಣೆ ಚೀಟಿ ಮಾಡಿ ಕಳಿಸಿದರೆ ಮಧ್ಯಾಹ್ನಕ್ಕೆ ಮಾಲು ಅಲ್ಲಿರುತ್ತದೆ. ಹಾಗಾಗಿ ಒಕ್ಕೂಟದ ಲಾಭವೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ನೀನಿರುವ ಕಡೆ 27 ದೇಶಗಳು ಯುರೋಪಿಯನ್ ಒಕ್ಕೂಟ ಅಂತ ಸೇರಿ ಅದನ್ನೇ ಮಾಡಿಕೊಂಡಿವೆ. ಅದೂ ಶುರುವಾಗಿದ್ದು ಹೇಗೆ! 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಮತ್ತು ಇನ್ನೂ ನಾಲ್ಕು ದೇಶಗಳು ಕಲ್ಲಿದ್ದಲು, ಉಕ್ಕಿನ ಮೇಲ್ವಿಚಾರಣೆಯನ್ನು ಒಟ್ಟಿಗೆ ನಡೆಸಲು ಒಪ್ಪಿದವು. ದಿನವೂ ಉಕ್ಕು ಮುಟ್ಟುವವನು ನಾನು. ಫಿರಂಗಿಗೆ ಬೇಕಾದ ಸಾಮಾನನ್ನೇ ಮೊದಲು ಹಂಚಿಕೊಂಡರಲ್ಲ ಅಂತ ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮತ್ತೆ ಬ್ರಿಟನ್ ಯಾಕೆ ಬಿಟ್ಟುಹೋಯಿತು ಅಂತ ಕೇಳಿದ್ದೀಯ. ನಮ್ಮ ಕಾನೂನು ಒಕ್ಕೂಟದ ಕಚೇರಿಯಿರುವ ಬ್ರಸೆಲ್ಸ್‌ನಲ್ಲಿ ಯಾಕಾಗಬೇಕು ಅನ್ನೋ ಸಿಟ್ಟು ಅಲ್ಲಿಯವರಿಗೆ. 2016ರಲ್ಲಿ ಮತ ಹಾಕಿದವರಲ್ಲಿ ಶೇ 51.9 ಜನ ಹೊರಗೆ ಹೋಗೋಣ ಅಂದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಜಿಎಸ್‌ಟಿ ವಿಷಯ ತೀರ್ಮಾನಿಸುವ ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಮತದ ಮೂರರಲ್ಲಿ ಒಂದು ಪಾಲು ತೂಕ ಕೇಂದ್ರದ್ದು. ಉಳಿದ ಎರಡು ಪಾಲು ಎಲ್ಲ ರಾಜ್ಯಗಳಿಗೂ ಸೇರಿ. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಕೇಂದ್ರ ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಕರ್ನಾಟಕ ಒಂದೇ ಬೇಡ ಅಂದರೆ ಏನೂ ನಿಲ್ಲುವುದಿಲ್ಲ. 15ನೇ ಹಣಕಾಸು ಆಯೋಗ ಬಂದಾಗ ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ನಮ್ಮ ಪಾಲು ಶೇ 4.71ರಿಂದ 3.65ಕ್ಕೆ ಇಳಿಯಿತು. ಆಗಲೂ ಅಷ್ಟೆ, ಕೂಗಿದ್ದೇ ಬಂತು. ನಿಮ್ಮಲ್ಲಿ ತೆರಿಗೆಯ ವಿಷಯಕ್ಕೆ 27 ದೇಶಗಳೂ ಒಪ್ಪಬೇಕು. ಪುಟ್ಟ ಮಾಲ್ಟಾ ಕೂಡ ತಡೆಯಬಹುದು. ಕೆಲಸ ನಿಧಾನ ಆಗಬಹುದು, ಆದರೆ ಚಿಕ್ಕವರ ಮಾತಿಗೆ ಬೆಲೆಯಿದೆ ಅಲ್ವಾ?

ಎಲ್ಲದರಲ್ಲೂ ಇಲ್ಲ ಅನ್ನು. ಗ್ರೀಸ್ ನೋಡು. ಕೆಲಸ ಕಡಿಮೆಯಾದಾಗ ನಾನು ರೇಟು ಇಳಿಸಿ ಆರ್ಡರ್ ಹಿಡಿಯುತ್ತೇನೆ. ದೇಶವೂ ತನ್ನ ಹಣದ ಬೆಲೆ ಇಳಿಸಿ ಹಾಗೇ ಮಾಡಬಹುದು. ಆದರೆ ಗ್ರೀಸ್ ತನ್ನ ದ್ರಾಕ್ಮಾ ಬಿಟ್ಟು ಯೂರೋ ಹಿಡಿದಿತ್ತು. ಸಾಲ ಕುತ್ತಿಗೆಗೆ ಬಂದಾಗ ಸಂಬಳ, ಪಿಂಚಣಿಗೇ ಕತ್ತರಿ ಬಿತ್ತು. 2015ರಲ್ಲಿ ಬ್ಯಾಂಕು ಮುಚ್ಚಿ, ದಿನಕ್ಕೆ 60 ಯೂರೋಗಿಂತ ಜಾಸ್ತಿ ಎಟಿಎಂನಿಂದ ತೆಗೆಯೋ ಹಾಗಿರಲಿಲ್ಲ. ಸಾಲ ಮಾಡಿದ ಸರ್ಕಾರಗಳ ತಪ್ಪೂ ಇತ್ತು, ನಿಜ. ಆದರೆ ಸಾಲಿನಲ್ಲಿ ನಿಂತ ಪಿಂಚಣಿದಾರರು ಏನು ತಪ್ಪು ಮಾಡಿದ್ದರು?

ಇಷ್ಟಾದರೂ ಒಳಗಿದ್ದೇ ಜಗಳ ಆಡಬೇಕು ಅನ್ನೋದು ನನ್ನ ಮಾತು. 2021ರ ಜನವರಿಯಿಂದ ಬ್ರಿಟನ್ನಿನ ಲಾರಿಗಳಿಗೆ ಮತ್ತೆ ಕಸ್ಟಮ್ಸ್ ಕಾಗದ ಶುರುವಾಯಿತು. ದೊಡ್ಡ ಕಂಪನಿಗಳು ಅದಕ್ಕೆ ಜನ ಇಟ್ಟುಕೊಳ್ಳುತ್ತವೆ. ನನ್ನಂಥ ಸಣ್ಣ ಶೆಡ್ಡಿನವನು ಅಲ್ಲೂ ಇರುತ್ತಾನೆ, ರಾತ್ರಿ ಕೂತು ತಾನೇ ತುಂಬಬೇಕು.

ವಾಪಸು ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿ ನೋಡಿದರು ಅಂದೆಯಲ್ಲ, ನಿಮ್ಮಮ್ಮನಿಗೆ ಅದೇ ಚಿಂತೆ. ಸೊಪ್ಪು ತರೋಕೆ ಹೋದರೂ ಪಾಸ್‌ಪೋರ್ಟ್ ಚೀಲದಲ್ಲಿರಲಿ. ಅಲ್ಲೇ ಹತ್ತಿರ ಮೂರು ದೇಶದ ಗಡಿ ಸೇರುವ ಗುಡ್ಡ ಇದೆಯಂತೆ. ಬಿಡುವಾದಾಗ ಹತ್ತಿ, ಆ ಗಡಿಕಲ್ಲಿನದೊಂದು ಫೋಟೋ ಕಳಿಸು.

ನಿನ್ನ
ಅಪ್ಪ