ಸಂಡಾಸ ಕಟ್ಟಿಕೊಂಡರೆ ಗಾಡಿ ಕರೆಯುವ ಮುನ್ನ ಮುಚ್ಚಳ ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಮುಂಗಾರು ಜೋರಾದರೆ ಸಾಕು, ಕಲಬುರಗಿಯಲ್ಲಿ ಒಳಚರಂಡಿ ಮುಟ್ಟದ ಬಡಾವಣೆಗಳಲ್ಲೆಲ್ಲ ಒಂದೇ ದೂರು: ಸಂಡಾಸದ ನೀರು ಇಳಿಯುತ್ತಿಲ್ಲ, ಟ್ಯಾಂಕ್ ತುಂಬಿದೆ, ಗಾಡಿ ಕರೆಸಿ. ಗಾಡಿ ಬಂದು ಹೀರಿಕೊಂಡು ಹೋಗುತ್ತದೆ. ಹತ್ತು-ಹದಿನೈದು ದಿನಕ್ಕೆ ಮತ್ತೆ ಅದೇ ಪಾಡು. ಹಣ ದಂಡವಾಗುವುದು ಒಂದು ಕಡೆ. ಗಾಡಿಯಿಂದ ಆಗಲಿಲ್ಲ ಎಂದು ಕಡೆಗೆ ಯಾರನ್ನೋ ಗುಂಡಿಗಿಳಿಸುವ ಯೋಚನೆ ಬರುವುದೂ ಇಲ್ಲಿಂದಲೇ. ಅದಕ್ಕಾಗಿ, ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆಯನ್ನು ಓದುಗರ ಮುಂದಿಡುತ್ತಿದ್ದೇನೆ.

ಸೆಪ್ಟಿಕ್ ಟ್ಯಾಂಕ್ ಸರಿಯಾಗಿದ್ದಾಗಲೂ ತುಂಬಿಯೇ ಇರುತ್ತದೆ. ಮೇಲಿಂದ ಎಷ್ಟು ನೀರು ಬಿತ್ತೋ ಅಷ್ಟೇ ನೀರು ಹೊರಗಿನ ಪೈಪಿನಿಂದ ಇಂಗುಗುಂಡಿಗೆ ಹೋಗಬೇಕು, ಕೆಸರು ತಳ ಸೇರಬೇಕು, ಜಿಡ್ಡು ಕೆನೆಗಟ್ಟಿ ಮೇಲೆ ನಿಲ್ಲಬೇಕು. ಐದು ಜನರ ಮನೆಗೆ ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಹೇಳುವ ಅಳತೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ. ಅದರ ಮೇಲೆ 30 ಸೆಂ.ಮೀ. ಖಾಲಿ ಜಾಗ. ಹೊರಹೋಗುವ ಪೈಪು ಒಳಬರುವ ಪೈಪಿಗಿಂತ 5 ಸೆಂ.ಮೀ. ಕೆಳಗಿರಬೇಕು. ಆದ್ದರಿಂದ ಮುಚ್ಚಳ ತೆಗೆದಾಗ ನೋಡಬೇಕಾದದ್ದು ನೀರು ಎಷ್ಟಿದೆ ಎಂದಲ್ಲ, ಹೊರಪೈಪಿನ ಮಟ್ಟಕ್ಕೆ ನಿಂತಿದೆಯೋ ಅದನ್ನು ದಾಟಿ ಏರಿದೆಯೋ ಎಂದು.

ಹುಡುಕಾಟ ಮನೆಯೊಳಗಿಂದ ಶುರುವಾಗಲಿ. ಒಂದೇ ಸಂಡಾಸ ಕಟ್ಟಿಕೊಂಡು ಉಳಿದವು ಸರಿ ಇದ್ದರೆ ದೋಷ ಆ ಬೇಸಿನ್ನಿನ ಟ್ರ್ಯಾಪಿನಲ್ಲೋ (ವಾಸನೆ ತಡೆಯಲು ನೀರು ನಿಲ್ಲುವ ಬಾಗು) ಅದರ ಪೈಪಿನಲ್ಲೋ ಇದೆ, ಟ್ಯಾಂಕಿಗೆ ಸಂಬಂಧವಿಲ್ಲ. ನಮ್ಮ ಬೋರಿನ ನೀರು ಗಡಸು. ಅದರ ಸುಣ್ಣವೂ ಮೂತ್ರದ ಲವಣವೂ ಸೇರಿ ಟ್ರ್ಯಾಪಿನ ಒಳಮೈಗೆ ಕಲ್ಲಿನಂತೆ ಹತ್ತಿ, ವರ್ಷಗಳಲ್ಲಿ ದಾರಿ ಕಿರಿದಾಗುತ್ತದೆ. ಸಿಟ್ರಿಕ್ ಆಮ್ಲದ ಪುಡಿಯನ್ನು ಬಿಸಿ ನೀರಿನಲ್ಲಿ ಕರಗಿಸಿ ರಾತ್ರಿಯಿಡೀ ನಿಲ್ಲಿಸಿದರೆ ಅದು ಮೆತ್ತಗಾಗುತ್ತದೆ. ಅಂಗಡಿಯ ಆಸಿಡ್ ಸುರಿಯಬೇಡಿ. ಶಹಾಬಾದಿ ಫರಸಿಯ ಮೇಲೆ ಒಂದು ಹನಿ ಬಿದ್ದರೆ ಬುಸುಬುಸು ನೊರೆ ಬರುವುದನ್ನು ಎಲ್ಲರೂ ಕಂಡಿದ್ದೇವೆ, ಅದು ಸುಣ್ಣಕಲ್ಲು. ಅದೇ ಆಸಿಡ್ ಟ್ಯಾಂಕಿನ ಸಿಮೆಂಟನ್ನೂ ತಿನ್ನುತ್ತದೆ, ಮಲ ಕರಗಿಸುವ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಎಲ್ಲ ಸಂಡಾಸಗಳೂ ಕಟ್ಟಿದ್ದರೆ ಟ್ಯಾಂಕಿಗೆ ಹತ್ತಿರದ ಚೇಂಬರ್ ತೆಗೆಯಿರಿ. ಚೇಂಬರ್ ಒಣಗಿದ್ದರೆ ತಡೆ ಅದಕ್ಕೂ ಮನೆಗೂ ನಡುವೆ ಇದೆ. ನಾಲ್ಕಿಂಚಿನ ಪೈಪಿಗೆ ನಾಲ್ಕಡಿಗೆ ಒಂದಿಂಚು ಇಳಿಜಾರು ಬೇಕು. ಗೌಂಡಿ ಒಂದೇ ಕಡೆ ತೊಂಬತ್ತು ಡಿಗ್ರಿ ಎಲ್ಬೋ ಹಾಕಿದ್ದರೆ ಕಟ್ಟುವುದು ಅಲ್ಲೇ. ಅದನ್ನು ಕಿತ್ತು ನಲವತ್ತೈದರ ಎರಡು ಬೆಂಡ್ ಹಾಕಿಸಿ. ಚೇಂಬರ್ ತುಂಬಿ ನಿಂತಿದ್ದರೆ ಟ್ಯಾಂಕಿನ ಎರಡೂ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ದೂರ ನಿಂತು, ಆಮೇಲೆ ನೋಡಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ, ಒಳಗೆ ಮೀಥೇನ್ ಇರುತ್ತದೆ. ಮೊದಲ ಕೋಣೆಯಲ್ಲಿ ಮಾತ್ರ ನೀರು ಏರಿದ್ದರೆ ನಡುಗೋಡೆಯ ಕಿಂಡಿ ಕಟ್ಟಿದೆ. ಎರಡರಲ್ಲೂ ಏರಿದ್ದರೆ ಹೊರಪೈಪಿನ ಟಿ ಜೋಡಣೆಯಲ್ಲಿ ಮೇಲಿಂದ ಬಿದಿರು ಕೋಲು ಆಡಿಸಿ. ಕೆನೆ ಬಿಟ್ಟುಕೊಂಡು ನೀರು ಸರ್ರನೆ ಇಳಿದು ಪೈಪಿನ ಮಟ್ಟಕ್ಕೆ ನಿಂತರೆ ಕೆಲಸ ಮುಗಿಯಿತು, ಗಾಡಿಯ ಖರ್ಚು ಉಳಿಯಿತು. ಇಳಿಯದಿದ್ದರೆ, ಇಲ್ಲವೇ ಇಳಿದದ್ದು ತಿರುಗಿ ಬಂದರೆ, ದೋಷ ಇಂಗುಗುಂಡಿಯದು.

ಕಲಬುರಗಿಯಲ್ಲಿ ಮಳೆಗಾಲದ ದೂರುಗಳ ಮೂಲ ಬಹುಪಾಲು ಇದೇ. ಎರಿ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದು ಎಷ್ಟು ನೀರನ್ನಾದರೂ ಕುಡಿಯುತ್ತದೆ. ನಾಲ್ಕು ಮಳೆ ಬಿದ್ದರೆ ಉಬ್ಬಿ, ಬಿರುಕು ಮುಚ್ಚಿ, ಹನಿಯನ್ನೂ ಒಳಗೆ ಬಿಡುವುದಿಲ್ಲ. ಆಗ ಇಂಗುಗುಂಡಿ ತುಂಬಿ, ನೀರು ಟ್ಯಾಂಕಿಗೆ, ಟ್ಯಾಂಕಿನಿಂದ ಬೇಸಿನ್ನಿಗೆ ಹಿಮ್ಮೆಟ್ಟುತ್ತದೆ. ಟ್ಯಾಂಕ್ ಹೀರಿಸಿದರೆ ಮಣ್ಣು ಒಣಗುವುದಿಲ್ಲ. ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಬಿಟ್ಟರೆ ಉಬ್ಬಿದ ಮಣ್ಣು ಗೋಡೆಯನ್ನು ಒಳಕ್ಕೆ ತಳ್ಳುವ ಅಪಾಯವೂ ಇದೆ. ಹೀರಿಸಿದ ದಿನವೇ ನೀರು ತುಂಬಿಸಬೇಕು. ಮಾಡಬೇಕಾದದ್ದು ಬೇರೆ: ಮಾಳಿಗೆಯ ಮಳೆನೀರು, ಬಚ್ಚಲು ನೀರು ಟ್ಯಾಂಕಿಗಾಗಲಿ ಇಂಗುಗುಂಡಿಗಾಗಲಿ ಸೇರದಂತೆ ತಿರುಗಿಸಿ. ಗುಂಡಿಯನ್ನು ಇನ್ನೂ ಆಳ ಮಾಡಿ ಫಲವಿಲ್ಲ. ಹೊಸದಾಗಿ ಕಟ್ಟುವವರು ಟ್ಯಾಂಕಿನ ಮುಂದೆ ಜಲ್ಲಿಕಲ್ಲು ತುಂಬಿದ, ನೀರು ಕೆಳಗಿಂದ ಮೇಲಕ್ಕೆ ಏರಿ ಬರುವ ಫಿಲ್ಟರ್ ಕೋಣೆ ಕಟ್ಟಿಸಿಕೊಳ್ಳಲಿ. ನೀರು ಇಂಗದ ಜಿಗುಟು ಮಣ್ಣಿಗೆ ಹೇಳಿದ ಕ್ರಮ ಅದು.

ಇದಕ್ಕೆ ತದ್ವಿರುದ್ಧ ಸ್ಥಿತಿ ಬೀದರಿನದು. ಅಲ್ಲಿಯ ಜಂಬಿಟ್ಟಿಗೆ ಕಲ್ಲಿನಲ್ಲಿ ತೂತುಗಳೇ ಹೆಚ್ಚು, ಗುಂಡಿ ತುಂಬುವುದೇ ಇಲ್ಲ. ನಮ್ಮ ಗುಂಡಿ ಇಪ್ಪತ್ತು ವರ್ಷದಿಂದ ತೆಗೆಸಿಲ್ಲ ಎಂದು ಹೆಮ್ಮೆಪಡುವವರು ಒಮ್ಮೆ ಯೋಚಿಸಲಿ, ಅಷ್ಟು ನೀರು ಹೋಯಿತೆಲ್ಲಿಗೆ? ಬಹಮನಿ ಕಾಲದ ನೌಬಾದಿನ ಸುರಂಗ ಬಾವಿ ನಿಂತಿರುವುದೇ ಈ ಕಲ್ಲಿನಲ್ಲಿ ಬಸಿಯುವ ನೀರಿನ ಮೇಲೆ. ಮನೆಯ ತೆರೆದ ಬಾವಿಗೂ ಅದೇ ದಾರಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಪದರುಗಲ್ಲಿನ ಸಂದಿಗಳು ಕೊಳೆನೀರನ್ನು ಸೋಸದೆಯೇ ಬೋರಿನವರೆಗೆ ಒಯ್ಯಬಲ್ಲವು. ಬಾವಿಗೂ ಗುಂಡಿಗೂ 15 ಮೀಟರ್ ಅಂತರ ಎಂಬ ಲೆಕ್ಕ ಮಣ್ಣಿಗೆ ಸರಿ, ಸೀಳು ಬಂಡೆಗೆ ಸಾಲದು. ನೀರಿಗೆ ಮಲ ಸೇರಿದೆಯೇ ಎಂದು ನೋಡಲು ಗ್ರಾಮ ಪಂಚಾಯಿತಿಗಳಲ್ಲಿ ಬಳಸುವ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಬಾಟಲಿಗೆ ಬಾವಿಯ ನೀರು ತುಂಬಿ ಒಂದೆರಡು ದಿನ ಇಡಿ. ಕಪ್ಪಾದರೆ ಆ ನೀರು ಕುದಿಸದೆ ಕುಡಿಯತಕ್ಕದ್ದಲ್ಲ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ಸೀಮೆಯಲ್ಲಿ ಭತ್ತದ ಗದ್ದೆಗೆ ನೀರು ನಿಂತಾಗ ಅಂತರ್ಜಲವೇ ಗುಂಡಿಯೊಳಗೆ ಏರುತ್ತದೆ. ಅಲ್ಲಿ ಟ್ಯಾಂಕನ್ನು ನೆಲಕ್ಕಿಂತ ಎತ್ತರಿಸಿ ಕಟ್ಟುವುದೇ ದಾರಿ.

ವಾಸನೆ ಬಂದರೂ ಜನ ಟ್ಯಾಂಕ್ ತುಂಬಿತೆನ್ನುತ್ತಾರೆ. ಬೇಸಿಗೆಯ ಬಿಸಿಲಿಗೆ, ಬಳಸದ ಬಚ್ಚಲಿನ ನಹಾನಿ ಟ್ರ್ಯಾಪಿನ ನೀರು ಆರಿ ಹೋಗಿ ಗಾಳಿ ನೇರ ಒಳಗೆ ಬರುತ್ತಿರುತ್ತದೆ. ಒಂದು ತಂಬಿಗೆ ನೀರು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿ. ಆಮೇಲೂ ನಾರಿದರೆ ಗಾಳಿಕೊಳವೆ ನೋಡಿ: ಎರಡಿಂಚಿಗಿಂತ ಸಣ್ಣದಿರಬಾರದು, ಮಾಳಿಗೆಗಿಂತ ಎರಡು ಮೀಟರ್ ಮೇಲೆ ಹೋಗಿರಬೇಕು. ಮೇಲಂತಸ್ತು ಕಟ್ಟುವಾಗ ಅದನ್ನು ಕತ್ತರಿಸಿ ಕಿಟಕಿಯ ಮಟ್ಟಕ್ಕೇ ಬಿಟ್ಟಿರುತ್ತಾರೆ, ಇಲ್ಲವೇ ತುದಿಯ ಜಾಲರಿಯಲ್ಲಿ ಕಣಜ ಗೂಡು ಕಟ್ಟಿರುತ್ತದೆ.

ಹಾಗಾದರೆ ಗಾಡಿ ಕರೆಯುವುದು ಯಾವಾಗ? ಉದ್ದನೆಯ ಕೋಲಿನ ಕೆಳಗಿನ ಮೂರಡಿಗೆ ಬಿಳಿ ಬಟ್ಟೆ ಬಿಗಿದು ತಳ ಮುಟ್ಟುವವರೆಗೆ ಇಳಿಸಿ, ಎರಡು-ಮೂರು ನಿಮಿಷ ಬಿಟ್ಟು ನಿಧಾನ ಎತ್ತಿ. ಕರಿ ಗುರುತು ಎಲ್ಲಿಯವರೆಗೆ ಇದೆಯೋ ಅಷ್ಟು ಕೆಸರು. ನೀರಿನ ಆಳದ ಮೂರನೇ ಒಂದು ಭಾಗ ಮುಟ್ಟಿದ್ದರೆ ಕರೆಯಿರಿ. ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೊಮ್ಮೆ. ಗಾಡಿಯವರು ಮೇಲಿನ ನೀರನ್ನಷ್ಟೇ ಎಳೆದು ಹೊರಡದಂತೆ ನಿಂತು ನೋಡಿಕೊಳ್ಳಿ. ಕೆಸರನ್ನು ಕಲಕಿ, ಎರಡೂ ಕೋಣೆಯಿಂದ ತೆಗೆಯಬೇಕು. ತಳದಲ್ಲಿ ಒಂದಿಂಚು ಉಳಿಯಲಿ, ಮುಂದಿನ ಬ್ಯಾಕ್ಟೀರಿಯಾಗೆ ಅದೇ ಹೆಪ್ಪು. ಫಿನಾಯಿಲ್ ಹಾಕಿ ತೊಳೆಯುವುದು ಬೇಡ.

ಮುಚ್ಚಳದ ಬಗ್ಗೆ ಒಂದು ಮಾತು. ನಮ್ಮಲ್ಲಿ ಹಳೆಯ ಟ್ಯಾಂಕುಗಳಿಗೆ ಫರಸಿ ಹಾಸಿರುವುದೇ ಹೆಚ್ಚು. ಒಳಗಿನ ಹೈಡ್ರೋಜನ್ ಸಲ್ಫೈಡ್ ಒದ್ದೆ ಮೈಯಲ್ಲಿ ಗಂಧಕಾಮ್ಲವಾಗಿ ಆ ಸುಣ್ಣಕಲ್ಲನ್ನು ಕೆಳಗಿನಿಂದ ತಿನ್ನುತ್ತಾ ಬರುತ್ತದೆ. ಮೇಲೆ ಗಟ್ಟಿಮುಟ್ಟಾಗಿ ಕಂಡರೂ ಅಡಿಯಲ್ಲಿ ತೆಳುವಾಗಿರುತ್ತದೆ. ಅದರ ಮೇಲೆ ಮಕ್ಕಳು ಆಡುವ ಮನೆಗಳವರು ಇಂದೇ ಒಂದು ಕಲ್ಲು ಎತ್ತಿ ಅಡಿಮೈ ನೋಡಲಿ.

ಎಂಥ ಸಂದರ್ಭದಲ್ಲೂ ಮನುಷ್ಯರನ್ನು ಒಳಗಿಳಿಸಬಾರದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಇಲ್ಲವೆಂದು ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಲಕರಣೆಯಿಲ್ಲದೆ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಯಂತ್ರದ ಸೇವೆಗೆ 14420 ಸಹಾಯವಾಣಿ ಇದೆ.

ಮೂರೂ ಜಿಲ್ಲೆಗಳ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಒಂದು ಬೇಡಿಕೆ: ಮನೆ ಕಟ್ಟಲು ಪರವಾನಗಿ ಕೊಡುವಾಗ ಆ ನಿವೇಶನದಲ್ಲಿ ನೀರು ಎಷ್ಟು ಬೇಗ ಇಂಗುತ್ತದೆ ಎಂಬ ಪರೀಕ್ಷೆ ಕಡ್ಡಾಯವಾಗಲಿ, ಅದೂ ಮಳೆಗಾಲದ ಹಸಿ ಮಣ್ಣಿನಲ್ಲಿ. ಹೀರುವ ಪ್ರತಿ ಗಾಡಿಯ ರಸೀದಿಯಲ್ಲಿ ಎಷ್ಟು ಲೀಟರ್ ತೆಗೆದರು, ಎಲ್ಲಿ ಸುರಿದರು ಎಂಬುದು ಬರೆದಿರಲಿ.

ಇಂತಿ,
ನಿಮ್ಮ ಓದುಗ,
ಕಲಬುರಗಿ