ಊಟದ ಹಾಲಿನ ಬಾಗಿಲಲ್ಲಿ ಪಿಟೀಲು: ಮಗಳಿಗೊಂದು ಪತ್ರ

ತಿ. ನರಸೀಪುರ
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ನಿನ್ನ ಫೋನ್ ಬಂದಾಗ ಹನ್ನೊಂದೂವರೆ. ಮದುವೆ ಸಮಾರಂಭದಲ್ಲಿ ಪಿಟೀಲು ನುಡಿಸಿದ ಮೊದಲ ಸಂಪಾದನೆ, ಕುಣಿದಾಡುತ್ತಾ ಮಾತಾಡುತ್ತಾಳೆ ಅಂದುಕೊಂಡೆ. ನೀನು ಹೇಳಿದ್ದು ಒಂದೇ ಮಾತು. "ಮೂರು ಗಂಟೆ ನುಡಿಸಿದೆ ಅಪ್ಪ, ಒಬ್ಬರೂ ಕೇಳಲಿಲ್ಲ." ಆಮೇಲೆ ಅಳು. ಸ್ಟೇಜ್ ಪಕ್ಕ ಕೂರಿಸುತ್ತೇವೆ ಅಂದವರು ಕೊನೆ ಗಳಿಗೆಯಲ್ಲಿ ಊಟದ ಹಾಲಿನ ಬಾಗಿಲಿಗೆ ನಿನ್ನ ಕುರ್ಚಿ ಹಾಕಿದ್ದು, ಒಬ್ಬರು ಬಂದು "ಸ್ವಲ್ಪ ಸೌಂಡ್ ಕಮ್ಮಿ ಮಾಡಮ್ಮ" ಅಂದಿದ್ದು, ಎಲ್ಲಾ ಹೇಳಿದೆ. ಆ ಹೊತ್ತಿನಲ್ಲಿ ಏನು ಹೇಳಿದರೂ ನಿನಗೆ ರುಚಿಸುತ್ತಿರಲಿಲ್ಲ. ಅದಕ್ಕೇ ಸುಮ್ಮನಾದೆ.

ನೀನು ಕಳಿಸಿದ ರೆಕಾರ್ಡಿಂಗ್ ಎರಡು ಸಲ ಕೇಳಿದೆ. ಒಂದು ಸಲ ಅಮ್ಮನ ಜೊತೆ, ಇನ್ನೊಂದು ಸಲ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ. ಅದಕ್ಕೆ ಮೊದಲು, ಇಲ್ಲಿಯವರೆಗೆ ನಿನಗೆ ಹೇಳದ ಒಂದು ಸಂಗತಿ ಹೇಳುತ್ತೇನೆ.

1988ರಲ್ಲಿ ನಾನು ಮೊದಲ ಸಲ ದುಡ್ಡು ತೆಗೆದುಕೊಂಡು ಮದುವೆಗೆ ನಾಗಸ್ವರ ನುಡಿಸಿದೆ. ಆಗ ನನಗೆ ಹದಿನಾರು. ನಿನ್ನ ತಾತನಿಗೆ ಜ್ವರ, ಬೇರೆ ದಾರಿ ಇರಲಿಲ್ಲ. ಧಾರೆಗೆ ಮುಂಚೆ ಕಲ್ಯಾಣಿ ರಾಗ ಶುರು ಮಾಡಿದೆ. ಅವತ್ತು ನಾಗಸ್ವರದ ಬಾಯಿಗೆ ಹಾಕುವ ಸೀವಾಳಿ ಚೆನ್ನಾಗಿ ಕೂತಿತ್ತು, ಉಸಿರೂ ಕೈ ಕೊಡಲಿಲ್ಲ. ತಾರ ಸ್ಥಾಯಿಗೆ ಹೋದಾಗ ಕಣ್ಣು ಮುಚ್ಚಿದೆ. ನನಗೆ ನನ್ನ ಕಲ್ಯಾಣಿ ಬಿಟ್ಟು ಬೇರೇನೂ ಬೇಕಿರಲಿಲ್ಲ. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದಿದ್ದಾರೆ. ನಾನು ಪಲ್ಲವಿಯ ಮೊದಲ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುತ್ತಿದ್ದೇನೆ. ಡೋಲಿನ ಮಾವ ನನ್ನ ಕಡೆ ನೋಡುತ್ತಾ ಕೋಲು ಎತ್ತಿ ಹಾಗೇ ನಿಂತಿದ್ದಾರೆ. ಇಡೀ ಛತ್ರ ಮೂರು ನಾಲ್ಕು ಕ್ಷಣ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಯಾರೋ ಸೀನಿದರು.

ಗಟ್ಟಿಮೇಳ ಇರುವುದೇ ಅದಕ್ಕೆ ಅಲ್ವಾ? ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಹುಡುಗ ಹುಡುಗಿಯ ಕಿವಿಗೆ ಬೀಳಬಾರದು. ಆ ಹುಡುಗಿಯ ಅಜ್ಜಿ ನನ್ನ ಕಡೆ ತಿರುಗಿ ನೋಡಿದರು. ಒಂದು ಮಾತೂ ಬೈಯಲಿಲ್ಲ, ಕಣ್ಣಲ್ಲಿ ನೀರಿತ್ತು. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಅವತ್ತು ಕೊಟ್ಟ ಇಪ್ಪತ್ತೈದು ರೂಪಾಯಿ, ತೆಂಗಿನಕಾಯಿ ತಂದು ತಾತನ ಮುಂದೆ ಇಟ್ಟೆ. ಅವರು ಕೇಳಿದ್ದು "ಕಲ್ಯಾಣಿ ಹೇಗಾಯ್ತು" ಅಂತ ಅಲ್ಲ. "ಪುರೋಹಿತರ ಕೈ ಕಾಣೋ ಜಾಗದಲ್ಲಿ ಕೂತಿದ್ದೆಯಾ?"

ಆಮೇಲೆ ಮೂವತ್ತು ವರ್ಷ ಮದುವೆ ಮನೆಗಳಲ್ಲಿ ವಾಲಗ ನುಡಿಸಿದೆ. ಕಣ್ಣು ಮುಚ್ಚಲಿಲ್ಲ. ಅಂತರಪಟ ಹಿಡಿದರಾ, ಜೀರಿಗೆ ಬೆಲ್ಲ ಕೈಗೆ ಕೊಟ್ಟರಾ, ಅಪ್ಪ ಅಮ್ಮ ಧಾರೆಗೆ ನಿಂತರಾ, ಎಲ್ಲಾ ನೋಡುತ್ತಾ ನುಡಿಸಬೇಕು. ಧಾರೆ ಎರೆಯುವಾಗ ಹುಡುಗಿಯ ಅಪ್ಪನ ಕೈ ನಡುಗುತ್ತಿರುತ್ತೆ. ಆಗ ಆನಂದಭೈರವಿಯನ್ನು ಎಷ್ಟು ನಿಧಾನಕ್ಕೆ ಎಳೆಯಬೇಕು ಅನ್ನುವುದು ಆ ಕೈ ನೋಡಿದರೆ ಗೊತ್ತಾಗುತ್ತೆ. ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ, ನಿಜ. ನಾವು ಅವರನ್ನು ಕೇಳುತ್ತಿದ್ದೆವು ಪುಟ್ಟಿ. ಆ ಕೆಲಸಕ್ಕೇ ದುಡ್ಡು ಕೊಡುತ್ತಿದ್ದರು. ಕೊನೆ ಪಂಕ್ತಿಯಲ್ಲಿ ಊಟ ಹಾಕುತ್ತಿದ್ದರು, ಅದು ನೋಯುತ್ತಿತ್ತು. ಅದನ್ನು ಸರಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಈಗ ನಿನ್ನ ರೆಕಾರ್ಡಿಂಗ್. ಹಂಸಧ್ವನಿಯಿಂದ ಶುರು ಮಾಡಿದ್ದು ಸರಿಯಾಯಿತು. ಜನ ಬರುತ್ತಿದ್ದಾರೆ, ನಗುತ್ತಿದ್ದಾರೆ, ಆ ರಾಗ ಬಾಗಿಲು ತೆರೆದ ಹಾಗೆ ಇರುತ್ತೆ. ಎಂಟು ಗಂಟೆಗೆ ಶುಭಪಂತುವರಾಳಿ ಯಾಕೆ ಹಿಡಿದೆ? ಚೆನ್ನಾಗಿಯೇ ನುಡಿಸಿದ್ದೀಯ. ಆದರೆ ಅದರಲ್ಲಿ ದುಃಖ ಇದೆ, ಮುಖಾರಿಯಲ್ಲೂ ಇದೆ. ಮಗಳನ್ನು ಕಳಿಸಿಕೊಡುವ ಮನೆಯಲ್ಲಿ ಆ ರಾಗಗಳು ಬೇಡ. ನಾವಂತೂ ಅವನ್ನು ಮದುವೆಯಲ್ಲಿ ಮುಟ್ಟುವುದೇ ಇಲ್ಲ. ಮೋಹನ, ಕಲ್ಯಾಣಿ, ಹಿಂದೋಳ, ಕೊನೆಗೆ ಮಧ್ಯಮಾವತಿ. ಮೂರು ಗಂಟೆಗೆ ಧಾರಾಳ ಆಗುತ್ತೆ.

ಎಂಟೂವರೆ ಆದಮೇಲೆ ನಿನ್ನ ಕಮಾನಿನಲ್ಲಿ ಸಿಟ್ಟು ಬಂದಿದೆ. ಲಯ ಓಡುತ್ತಿದೆ. ಸ್ವರವನ್ನು ತೂಗಿ ಎಳೆಯುವ ಗಮಕಗಳನ್ನು ಅರ್ಧಕ್ಕೇ ಬಿಟ್ಟಿದ್ದೀಯ. ಯಾರು ಕೇಳುತ್ತಾರೆ ಅಂದುಕೊಂಡೆಯಾ? ಅದೊಂದು ನನಗೆ ಬೇಸರವಾಯಿತು. ಹಾಗೆ ನುಡಿಸಬೇಡ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ, ನೀರು ಕುಡಿದು, ಭುಜ ಸಡಿಲ ಮಾಡಿಕೋ. ಬುಕಿಂಗ್ ಒಪ್ಪಿಕೊಳ್ಳುವಾಗಲೇ ಇದನ್ನು ಹೇಳಿಬಿಡು.

ಸೌಂಡ್ ಕಮ್ಮಿ ಮಾಡು ಅಂದಿದ್ದಕ್ಕೆ ಅವಮಾನ ಪಡಬೇಡ. ಮೈಕ್ ಇಲ್ಲದ ಕಾಲದಲ್ಲಿ ನಮ್ಮ ತಿರುಮಕೂಡಲಿನ ಚೌಡಯ್ಯನವರು ದೊಡ್ಡ ಸಭೆಯ ಕೊನೆ ಸಾಲಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಹಾಕಿಸಿದರು. ಅದು ಕಚೇರಿ. ನಿನ್ನದು ಆವತ್ತು ಅದಕ್ಕೆ ಪೂರಾ ಉಲ್ಟಾ ಕೆಲಸ. ಎದುರಿನ ಟೇಬಲಿನವರು ದನಿ ಏರಿಸದೆ ಮಾತಾಡುವ ಹಾಗಿರಬೇಕು. ಹತ್ತು ವರ್ಷದ ಮೇಲೆ ಸಿಕ್ಕ ಅಕ್ಕತಂಗಿಯರು ಅಲ್ಲಿ ಕೂತಿರುತ್ತಾರೆ.

ಹೋಟೆಲಿನವರು ಸಿನಿಮಾ ಹಾಡಿಗೆ ಲೈಸೆನ್ಸ್ ಕೇಳಿದರು ಅಂದೆಯಲ್ಲ, ಹೆದರಬೇಡ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಮದುವೆಗೂ ಅದಕ್ಕೆ ಸೇರಿದ ಸಮಾರಂಭಕ್ಕೂ ವಿನಾಯಿತಿ ಕೊಟ್ಟಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನೇ ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿತು. ಕಂಪನಿ ಪಾರ್ಟಿಗೆ ಹೋದರೆ ಮಾತ್ರ ಇದು ನಡೆಯುವುದಿಲ್ಲ. ಇನ್ನೊಂದು, ಸಂಚಕಾರ, ಅಂದರೆ ಅಡ್ವಾನ್ಸ್, ತೆಗೆದುಕೊಳ್ಳದೆ ತಾರೀಕು ಕೊಡಬೇಡ. ಎಲ್ಲಿ ಕೂರಿಸುತ್ತಾರೆ, ಊಟ ಯಾವಾಗ ಅನ್ನುವುದನ್ನೂ ಅವತ್ತೇ ಕೇಳು. ನಾನು ಕೇಳಲಿಲ್ಲ, ನೀನು ಕೇಳು.

ಕೊನೆಗೆ, ಈ ಪತ್ರ ಬರೆಯಲೇಬೇಕು ಅನ್ನಿಸಿದ್ದು ಯಾಕೆ ಅಂದರೆ, ರೆಕಾರ್ಡಿಂಗಿನಲ್ಲಿ ಒಂದು ಗಂಟೆ ಹನ್ನೆರಡನೇ ನಿಮಿಷಕ್ಕೆ ಹೋಗು. ಹೆಡ್‌ಫೋನ್ ಹಾಕಿಕೋ. ನೀನು ಮೋಹನ ನುಡಿಸುತ್ತಿದ್ದೀಯ, ಪಂಚಮದ, ಅಂದರೆ 'ಪ' ಸ್ವರದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಿದ್ದೀಯ. ದೂರದಲ್ಲಿ ಬಡಿಸುವವನೊಬ್ಬ "ಪಾಯಸ, ಪಾಯಸ" ಅಂತ ಕೂಗುತ್ತಾನೆ. ಮೊದಲ ಕೂಗು ಯಾವ ಶ್ರುತಿಗೂ ಸೇರಿಲ್ಲ. ಬಕೆಟ್ಟಿನ ಸದ್ದು ಹತ್ತಿರ ಬರುತ್ತೆ. ನಿನ್ನ ಮುಂದೆ ಹಾದುಹೋಗುವಾಗ ಅವನ ಕೂಗು ಸರಿಯಾಗಿ ನಿನ್ನ ಪಂಚಮದಲ್ಲಿದೆ. ಆಮೇಲೆ ಒಳಗೆ ಹೋಗಿ ಆ ತುದಿಯ ಪಂಕ್ತಿಯಲ್ಲೂ ಅವನು ಅದೇ ಸ್ವರದಲ್ಲೇ "ಪಾಯಸ" ಅನ್ನುತ್ತಿದ್ದಾನೆ. ನೀನು ಆಗಲೇ ಬೇರೆ ಸ್ವರಗಳಿಗೆ ಹೋಗಿದ್ದೀಯ, ಅವನು ಬಿಟ್ಟಿಲ್ಲ.

ಅಮ್ಮನನ್ನು ಅಡುಗೆಮನೆಯಿಂದ ಕರೆದು ಅಷ್ಟನ್ನು ಮತ್ತೆ ಕೇಳಿಸಿದೆ. ಮೂರು ಸಲ ಹಾಕಿಸಿಕೊಂಡಳು.

ನಿನ್ನ
ಅಪ್ಪ